ನರ್ಸಿಂಗ್ ಓದಲು ಹೊರಟ ಗೆಳತಿಯಿಂದ ಒಂದು ಪತ್ರ

ಫಿಲಡೆಲ್ಫಿಯಾ

ಪ್ರಿಯ ಗೆಳೆಯಾ,

ಇಲ್ಲಿ ನಾವೆಲ್ಲರೂ ಕ್ಷೇಮ. ಹಾಸನದಲ್ಲಿ ನಿಮ್ಮ ಮನೆಯವರೆಲ್ಲರೂ ಆರೋಗ್ಯವಾಗಿದ್ದಾರೆಂದು ನಂಬಿದ್ದೇನೆ. ನೀನು ಫೋನಿನಲ್ಲಿ ಕೇಳಿದ ಪ್ರಶ್ನೆಗೆ ಅಂದು ಉತ್ತರ ಹೇಳಲು ಸಮಯ ಸಾಲಲಿಲ್ಲ. ನೀನು ರಾತ್ರಿ ಪಾಳಿಗೆ ಹೊರಡುವ ಅವಸರದಲ್ಲಿದ್ದೆ. “ನಾವು ನರ್ಸ್‌ಗಳು ನಾಲ್ಕು ವರ್ಷ ವಾರ್ಡಿನಲ್ಲಿ ನಿಂತು ಕಲಿತದ್ದನ್ನು ಅಮೆರಿಕದಲ್ಲಿ ಒಂದೇ ವರ್ಷದಲ್ಲಿ ಕಲಿಸಿ ಮುಗಿಸುತ್ತಾರೆಂದರೆ ಅದು ಎಂಥ ಓದು?” ಎಂದು ನೀನು ಕೇಳಿದೆ. ಆ ಮಾತಿನಲ್ಲಿ ಕೊಂಕು ಇರಲಿಲ್ಲವೆಂಬುದು ನನಗೆ ಗೊತ್ತು. ಅರ್ಜಿಗಳನ್ನು ತುಂಬುತ್ತ ಕುಳಿತಿರುವ ಈ ದಿನಗಳಲ್ಲಿ ನನ್ನನ್ನು ಕಾಡುತ್ತಿರುವುದೂ ಅದೇ ಪ್ರಶ್ನೆಯಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ನಮ್ಮಲ್ಲಿ ಬಿ.ಎಸ್ಸಿ. ಮುಗಿಸಿದವರು ನರ್ಸಿಂಗ್‌ಗೆ ಬರಬೇಕೆಂದರೆ ಪಿಯುಸಿ ಮುಗಿಸಿ ಬಂದ ಹುಡುಗರ ಜೊತೆ ಮೊದಲ ವರ್ಷದಿಂದಲೇ ಕೂರಬೇಕು. ಹಿಂದಿನ ಪದವಿಯಿಂದ ಒಂದು ದಿನವೂ ಕಡಿಮೆಯಾಗುವುದಿಲ್ಲ. ಅಮೆರಿಕದಲ್ಲಿ ಹಾಗಲ್ಲ. ಬೇರೆ ಯಾವುದೇ ವಿಷಯದಲ್ಲಿ ಪದವಿ ಪಡೆದವರಿಗಾಗಿ ಇಲ್ಲಿ ಆಕ್ಸಿಲರೇಟೆಡ್ ಬಿಎಸ್‌ಎನ್ ಎಂಬ, ನರ್ಸಿಂಗ್ ಪದವಿಯನ್ನು ಬೇಗ ಮುಗಿಸುವ ಎರಡನೇ ಪದವಿಯ ದಾರಿ ಇದೆ. ಸೇಂಟ್ ಲೂಯಿಸ್ ವಿಶ್ವವಿದ್ಯಾಲಯವು 1971ರಲ್ಲಿಯೇ ಇಂಥ ಕೋರ್ಸನ್ನು ಆರಂಭಿಸಿತು. ಸಾಮಾನ್ಯವಾಗಿ 11ರಿಂದ 18 ತಿಂಗಳ ಅವಧಿ. ನಮ್ಮ ಊರಿನ ಡ್ರೆಕ್ಸೆಲ್ ವಿಶ್ವವಿದ್ಯಾಲಯದಲ್ಲಿ 11 ತಿಂಗಳಲ್ಲೇ ಮುಗಿಸುವ ಕೋರ್ಸ್ ಇದೆ. ಬೇಸಿಗೆ ರಜೆ ಇಲ್ಲ. ಒಂದು ಅವಧಿ ಮುಗಿದ ಬೆನ್ನಿಗೇ ಇನ್ನೊಂದು ಶುರುವಾಗುತ್ತದೆ. ಬೆಳಿಗ್ಗೆ ತರಗತಿ, ವಾರದಲ್ಲಿ ಕೆಲವು ದಿನ ಆಸ್ಪತ್ರೆಯಲ್ಲಿ ಕ್ಲಿನಿಕಲ್ ತರಬೇತಿ, ಉಳಿದ ಹೊತ್ತೆಲ್ಲ ಓದು. ಈ ಅವಧಿಯಲ್ಲಿ ನೌಕರಿ ಮಾಡಬೇಡಿ ಎಂದು ಹೆಚ್ಚಿನ ಕಾಲೇಜುಗಳು ಮೊದಲೇ ಎಚ್ಚರಿಸುತ್ತವೆ.

ಆದರೆ ಆ ಹನ್ನೊಂದು, ಹನ್ನೆರಡು ತಿಂಗಳ ಲೆಕ್ಕದಲ್ಲಿ ಸೇರದ ಕಾಲವೊಂದಿದೆ. ಅಂಗರಚನೆ ಮತ್ತು ಶರೀರಕ್ರಿಯಾಶಾಸ್ತ್ರದ ಎರಡು ಭಾಗಗಳು, ಸೂಕ್ಷ್ಮಜೀವಿಶಾಸ್ತ್ರ, ರಸಾಯನಶಾಸ್ತ್ರ, ಸಂಖ್ಯಾಶಾಸ್ತ್ರ, ಪೌಷ್ಟಿಕತೆ, ಮನುಷ್ಯನ ಬೆಳವಣಿಗೆಯ ಮನಃಶಾಸ್ತ್ರ, ಇವನ್ನೆಲ್ಲ ಪ್ರವೇಶಕ್ಕೆ ಮೊದಲೇ ಓದಿ ಒಳ್ಳೆಯ ಗ್ರೇಡ್ ತೆಗೆದಿರಬೇಕು. ವಿಜ್ಞಾನದ ವಿಷಯಗಳು ಇಷ್ಟು ವರ್ಷಕ್ಕಿಂತ ಹಳೆಯದಾಗಿರಬಾರದು ಎಂಬ ನಿಯಮ ಬೇರೆ. ಕೆಲವೆಡೆ ಐದು ವರ್ಷ, ಕೆಲವೆಡೆ ಏಳು, ಕೆಲವೆಡೆ ಹತ್ತು. ನಾನು ಸೂಕ್ಷ್ಮಜೀವಿಶಾಸ್ತ್ರವನ್ನೇ ಮುಖ್ಯ ವಿಷಯವಾಗಿ ಓದಿ, ಬೆಂಗಳೂರಿನ ಔಷಧ ತಯಾರಿಕಾ ಕಂಪನಿಯೊಂದರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ಆದರೂ ಅದನ್ನೇ ಮತ್ತೆ ಓದಬೇಕಾಯಿತು. ಅದರ ಬಗ್ಗೆ ನನಗೆ ಬೇಸರವಿಲ್ಲ. ನಾನು ಓದುವಾಗ ಪುಸ್ತಕದಲ್ಲಿ ಒಂದು ಪುಟವಿದ್ದ ಔಷಧ ನಿರೋಧಕ ಬ್ಯಾಕ್ಟೀರಿಯಾ ಈಗ ಒಂದು ಅಧ್ಯಾಯವೇ ಆಗಿದೆ.

ಅಂಗರಚನೆಯ ಪ್ರಾಯೋಗಿಕ ಪರೀಕ್ಷೆಯನ್ನು ನೀನು ನೋಡಬೇಕಿತ್ತು. ಕಡಿಮೆ ಶುಲ್ಕದ ಸ್ಥಳೀಯ ಕಾಲೇಜಾದ ಕಮ್ಯುನಿಟಿ ಕಾಲೇಜಿನ ಪ್ರಯೋಗಾಲಯದ ಮೇಜುಗಳ ಮೇಲೆ ಸಾಲಾಗಿ ಮೂಳೆಗಳು, ಅಂಗಗಳ ಮಾದರಿಗಳು, ಸೀಳಿಟ್ಟ ಕುರಿಯ ಹೃದಯ. ಪ್ರತಿಯೊಂದರ ಮೇಲೂ ಬಣ್ಣದ ಗುಂಡುಸೂಜಿ ಚುಚ್ಚಿರುತ್ತದೆ. ಗಂಟೆ ಬಾರಿಸುವಷ್ಟರಲ್ಲಿ ಆ ಸೂಜಿ ಮುಟ್ಟಿದ ಜಾಗದ ಹೆಸರು ಬರೆದು ಮುಂದಿನ ಮೇಜಿಗೆ ಸರಿಯಬೇಕು, ಹಿಂದಕ್ಕೆ ಬರುವಂತಿಲ್ಲ. ಹತ್ತೊಂಬತ್ತರ ಹರೆಯದವರ ನಡುವೆ ಕನ್ನಡಕ ಸರಿಮಾಡಿಕೊಳ್ಳುತ್ತ ಮೈಟ್ರಲ್ ಕವಾಟದ ತಂತುಗಳನ್ನು ಬಗ್ಗಿ ನೋಡುವಾಗ ನನಗೆ ನಾಚಿಕೆಯಾಗಲಿಲ್ಲ, ಬದಲಿಗೆ ಬಹಳ ದಿನಗಳ ಮೇಲೆ ಓದಿನ ಸುಖ ಸಿಕ್ಕಿತು. ಹೀಗಾಗಿ ನಿನ್ನ ಪ್ರಶ್ನೆಗೆ ಅರ್ಧ ಉತ್ತರ ಇದು: ಇಲ್ಲಿ ಆ ಒಂದು ವರ್ಷದಲ್ಲಿ ಕಲಿಸುವುದು ನರ್ಸಿಂಗ್ ಅನ್ನು ಮಾತ್ರ, ಅದರ ಕೆಳಗಿನ ತಳಪಾಯವನ್ನು ನಾವೇ ಹಾಕಿಕೊಂಡು ಬಾಗಿಲಿಗೆ ಬಂದಿರಬೇಕು.

ಭಾರತದ ಪದವಿ ಇರುವವರಿಗೆ ಇನ್ನೊಂದು ತೊಡಕಿದೆ. ಇಲ್ಲಿಯ ಪದವಿ ನಾಲ್ಕು ವರ್ಷದ್ದು, ನನ್ನ ಬಿ.ಎಸ್ಸಿ. ಮೂರು ವರ್ಷದ್ದು. ಅಂಕಪಟ್ಟಿಗಳನ್ನು ವಿಷಯವಾರು ಪರಿಶೀಲಿಸಿ ಇಲ್ಲಿಯ ಗ್ರೇಡಿಗೆ ಹೊಂದಿಸಿಕೊಡುವ ಡಬ್ಲ್ಯುಇಎಸ್‌ನಂಥ ಸಂಸ್ಥೆಗಳಿವೆ. ಕಾಲೇಜಿನ ನ್ಯಾಕ್ ಶ್ರೇಣಿ, ನಮಗೆ ಬಂದ ದರ್ಜೆ ಮುಂತಾದವನ್ನು ನೋಡಿ ಕೆಲವು ಸಂಸ್ಥೆಗಳು ಮೂರು ವರ್ಷದ ಪದವಿಯನ್ನು ಪೂರ್ಣ ಪದವಿಯೆಂದು ಒಪ್ಪುತ್ತವೆ. ಕೆಲವು ಅದನ್ನು “ಮೂರು ವರ್ಷದ ಓದು” ಎಂದಷ್ಟೇ ಬರೆಯುತ್ತವೆ. ಹಾಗೆ ಬರೆದರೆ ಎರಡನೇ ಪದವಿಗೆ ಅರ್ಜಿ ಹಾಕುವ ಅರ್ಹತೆಯೇ ತಪ್ಪಿಹೋಗಬಹುದು. ಅಂಕಪಟ್ಟಿಯು ವಿಶ್ವವಿದ್ಯಾಲಯದಿಂದಲೇ ನೇರವಾಗಿ ಬರಬೇಕು, ನಮ್ಮ ಕೈಯಲ್ಲಿರುವ ಪ್ರತಿಗೆ ಬೆಲೆಯಿಲ್ಲ. ಆ ವರದಿ ಬರುವವರೆಗೆ ನಾನು ಪಟ್ಟ ಕಳವಳ ಹೇಳತೀರದು. ಸದ್ಯ, ನನ್ನದನ್ನು ಪೂರ್ಣ ಪದವಿಯೆಂದು ಒಪ್ಪಿದ್ದಾರೆ. ಪ್ರವೇಶ ಪರೀಕ್ಷೆಯ ಚಿಂತೆ ನನಗೆ ಅಷ್ಟಾಗಿಲ್ಲ. ಟೀಸ್ ಎಂಬುದರಲ್ಲಿ 209 ನಿಮಿಷಗಳಲ್ಲಿ 170 ಪ್ರಶ್ನೆಗಳು. ಓದು, ಗಣಿತ, ವಿಜ್ಞಾನ, ಇಂಗ್ಲಿಷ್. ಅಭ್ಯಾಸ ಮಾಡಿದರೆ ಬರುತ್ತದೆ.

ಸುಲಭವಾಗಿ ಬಾರದಿರುವುದು ಸೀಟು. ನರ್ಸ್‌ಗಳ ಕೊರತೆಯಿದೆ ಎಂದು ದೇಶವೆಲ್ಲ ಹೇಳುತ್ತಿರುವಾಗ ಅರ್ಹರಿಗೇ ಜಾಗ ಸಿಗುವುದಿಲ್ಲವೆಂದರೆ ನೀನು ನಂಬಲಿಕ್ಕಿಲ್ಲ. ಇಲ್ಲಿಯ ನರ್ಸಿಂಗ್ ಕಾಲೇಜುಗಳ ಒಕ್ಕೂಟದ ಲೆಕ್ಕದ ಪ್ರಕಾರ 2021ರಲ್ಲಿ ಪದವಿ ಮತ್ತು ಸ್ನಾತಕೋತ್ತರ ಕೋರ್ಸುಗಳಿಗೆ ಬಂದ, ಎಲ್ಲ ಅರ್ಹತೆಗಳಿದ್ದ 91,938 ಅರ್ಜಿಗಳನ್ನು ತಿರಸ್ಕರಿಸಲಾಯಿತು. ಒಬ್ಬರೇ ಹಲವು ಕಡೆ ಅರ್ಜಿ ಹಾಕುವುದರಿಂದ ಅಷ್ಟು ಜನವೆಂದು ಅರ್ಥವಲ್ಲ. ಆದರೂ ಸಂಖ್ಯೆ ಚಿಕ್ಕದಲ್ಲ. ಕಾರಣ ಸರಳವಾಗಿದೆ. ಕಲಿಸುವವರು ಸಾಲದು, ವಿದ್ಯಾರ್ಥಿಗಳನ್ನು ವಾರ್ಡಿಗೆ ಬಿಟ್ಟುಕೊಳ್ಳಲು ಆಸ್ಪತ್ರೆಗಳಲ್ಲಿ ಜಾಗ ಸಾಲದು. ಅನುಭವಿ ನರ್ಸ್ ಒಬ್ಬಳು ಹಾಸಿಗೆಯ ಬಳಿ ದುಡಿದರೆ ಬರುವ ಸಂಬಳ, ಅವಳು ಪಾಠ ಹೇಳಿದರೆ ಅನೇಕ ಕಡೆ ಬರುವುದಿಲ್ಲ. ಇದನ್ನು ಸರಿಪಡಿಸದೆ ಹೊಸ ಹೊಸ ಕೋರ್ಸುಗಳನ್ನು ತೆರೆದು ಏನು ಫಲ ಎಂದು ನನಗೆ ಅನ್ನಿಸುತ್ತದೆ.

ಈಗ ನಿದ್ದೆ ಕೆಡಿಸುತ್ತಿರುವ ಸಂಗತಿಗೆ ಬರುತ್ತೇನೆ: ದುಡ್ಡು, ಅದರಲ್ಲೂ ದುಡ್ಡು ಕಟ್ಟಬೇಕಾದ ದಿನಾಂಕ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಈ ಒಂದು ವರ್ಷದ ಶುಲ್ಕ 50,000 ಡಾಲರ್ ದಾಟುವುದು ಸಾಮಾನ್ಯ. ಬಡವರಿಗೆ ಸರ್ಕಾರ ಕೊಡುವ ಪೆಲ್ ಸಹಾಯಧನ ಮೊದಲ ಪದವಿಗೆ ಮಾತ್ರ; ಭಾರತದಲ್ಲಿ ಪಡೆದ ಪದವಿಯೂ ಆ ಲೆಕ್ಕಕ್ಕೆ ಬರುತ್ತದೆ. ಗ್ರೀನ್ ಕಾರ್ಡ್ ಇರುವುದರಿಂದ ನನಗೆ ಸರ್ಕಾರಿ ಶಿಕ್ಷಣ ಸಾಲ ಸಿಗುತ್ತದೆ. ಆದರೆ ನನ್ನಂಥವರಿಗೆ ವರ್ಷಕ್ಕೆ 12,500 ಡಾಲರ್, ಪದವಿ ಹಂತದ ಒಟ್ಟು ಓದಿಗೆ 57,500 ಡಾಲರ್ ಎಂಬ ಮಿತಿಯಿದೆ. ಉಳಿದದ್ದನ್ನು ಖಾಸಗಿ ಬ್ಯಾಂಕಿನಿಂದ ಹೆಚ್ಚಿನ ಬಡ್ಡಿಗೆ ತರಬೇಕು, ಇಲ್ಲವೆ ಮಗಳ ಓದಿಗೆಂದು ಕೂಡಿಟ್ಟಿರುವುದರಲ್ಲಿ ಕೈಹಾಕಬೇಕು.

ಇದಕ್ಕಿಂತ ಕಷ್ಟದ್ದು ಕಾಲದ ಹೊಂದಾಣಿಕೆ. ದುಬಾರಿ ಕಾಲೇಜುಗಳು ಅರ್ಜಿ ಬಂದ ಹಾಗೆಯೇ ನಿರ್ಧರಿಸಿ ಬೇಗ ಉತ್ತರ ಕಳಿಸುತ್ತವೆ, ಮತ್ತು ಸೀಟು ಉಳಿಸಿಕೊಳ್ಳಲು ಹಿಂದಿರುಗಿಸಲಾಗದ ಮುಂಗಡವನ್ನು ಕೆಲವೇ ದಿನಗಳಲ್ಲಿ ಕಟ್ಟಿ ಎನ್ನುತ್ತವೆ. ಶುಲ್ಕ ಕಡಿಮೆಯಿರುವ ಸರ್ಕಾರಿ ವಿಶ್ವವಿದ್ಯಾಲಯಗಳು ಎಲ್ಲ ಅರ್ಜಿಗಳನ್ನೂ ಒಟ್ಟಿಗೆ ನೋಡಿ ತಡವಾಗಿ ಹೇಳುತ್ತವೆ. ನನಗೆ ಈಗ ಬಂದಿರುವುದು ಅಂಥ ಒಂದು ದುಬಾರಿ ಸೀಟು. ಬಿಟ್ಟರೆ ಮುಂದೆ ಯಾವುದೂ ಸಿಗದೆ ಹೋಗಬಹುದು, ಮತ್ತು ಇನ್ನೊಂದು ವರ್ಷ ಕಳೆದರೆ ಓದಿ ಮುಗಿಸಿದ ವಿಜ್ಞಾನದ ವಿಷಯಗಳು ಕೆಲವು ಕಡೆ ಅವಧಿ ಮೀರುತ್ತವೆ. ಮುಂಗಡ ಕಟ್ಟಿದ ಮೇಲೆ ಸರ್ಕಾರಿ ಸೀಟು ಬಂದರೆ ಆ ಹಣ ಹೋಯಿತು. ನಮ್ಮವರು “ಕಟ್ಟಿಬಿಡು, ಆಮೇಲೆ ನೋಡೋಣ” ಎನ್ನುತ್ತಾರೆ. ಅವರ ಔದಾರ್ಯ ದೊಡ್ಡದು, ಆದರೆ ಒಂದು ವರ್ಷ ಒಬ್ಬರದೇ ಸಂಬಳದಲ್ಲಿ ಮನೆಸಾಲ, ವಿಮೆ, ಊರಿಗೆ ಕಳಿಸುವ ಹಣ ಎಲ್ಲವನ್ನೂ ತೂಗಿಸಬೇಕಾದವರೂ ಅವರೇ.

ಕಮ್ಯುನಿಟಿ ಕಾಲೇಜಿನಲ್ಲಿ ಎರಡು ವರ್ಷದ ಅಸೋಸಿಯೇಟ್ ಪದವಿ ಮಾಡಿದರೂ ಅದೇ ನರ್ಸ್ ಪರವಾನಗಿ ಪರೀಕ್ಷೆ ಬರೆಯಬಹುದು. ಖರ್ಚು ಬಿಎಸ್‌ಎನ್‌ಗಿಂತ ಎಷ್ಟೋ ಕಡಿಮೆ. ಆ ದಾರಿಯನ್ನು ನಾನು ಕೀಳೆಂದು ಎಣಿಸಿಲ್ಲ, ಅಲ್ಲಿಯೂ ಒಂದು ಅರ್ಜಿ ಹಾಕಿದ್ದೇನೆ. ಆದರೆ ದೊಡ್ಡ ಆಸ್ಪತ್ರೆಗಳು ಬಿಎಸ್‌ಎನ್ ಇದ್ದವರನ್ನೇ ಮೊದಲು ಕರೆಯುತ್ತವೆ. ಪಕ್ಕದ ನ್ಯೂಯಾರ್ಕ್ ರಾಜ್ಯವಂತೂ, ಹೊಸದಾಗಿ ಬರುವ ನರ್ಸ್‌ಗಳು ಹತ್ತು ವರ್ಷದೊಳಗೆ ಆ ಪದವಿ ಪಡೆಯಬೇಕೆಂದು 2017ರಲ್ಲಿ ಕಾನೂನನ್ನೇ ಮಾಡಿತು.

ಕನ್ನಡ ಕೂಟದಲ್ಲಿ ನನ್ನ ವಿಷಯ ತಿಳಿದು ಬಂದು ಕೇಳುವ ಹೆಣ್ಣುಮಕ್ಕಳಲ್ಲಿ, ಗಂಡನ ಕೆಲಸದ ವೀಸಾದ ಮೇಲೆ ಬಂದ ಎಚ್-4 ವೀಸಾದವರೇ ಹೆಚ್ಚು. ಅವರಿಗೆ ಓದುವ ಹಕ್ಕಿದೆ, ಸರ್ಕಾರಿ ಸಾಲ ಮಾತ್ರ ಸಿಗುವುದಿಲ್ಲ. ಓದಿದ ಮೇಲೂ ಕೆಲಸದ ಪರವಾನಗಿ ಇಲ್ಲದೆ ದುಡಿಯುವಂತಿಲ್ಲ. ಸೇರುವ ಮೊದಲೇ ವಲಸೆ ವಕೀಲರನ್ನೂ ಕಾಲೇಜನ್ನೂ ಕೇಳಿ ಎಂದು ಅವರಿಗೆಲ್ಲ ಹೇಳುತ್ತಿದ್ದೇನೆ.

ನಿನಗೆ ಇಷ್ಟವಾಗಬಹುದಾದ ಒಂದು ಸಂಗತಿ ಹೇಳುತ್ತೇನೆ. ಆಸ್ಪತ್ರೆಯೊಳಗೆ ಕಾಲಿಡುವ ಮುನ್ನ ಕ್ಷಯದ ಪರೀಕ್ಷೆ ಆಗಬೇಕು. ಮುಂಗೈ ಒಳಭಾಗದ ಚರ್ಮದ ಪದರದೊಳಗೆ ಸಣ್ಣ ಸೂಜಿಯಿಂದ ದ್ರವ ಹಾಕಿ, ಎರಡು ಮೂರು ದಿನಗಳ ಮೇಲೆ ಅಲ್ಲಿ ಗಟ್ಟಿಯಾದ ಊತವನ್ನು ಮಿಲಿಮೀಟರ್ ಪಟ್ಟಿಯಿಂದ ಅಳೆಯುತ್ತಾರೆ. ನಮ್ಮಂತೆ ಹುಟ್ಟಿದಾಗಲೇ ಕ್ಷಯದ ಲಸಿಕೆಯಾದ ಬಿಸಿಜಿ ಹಾಕಿಸಿಕೊಂಡವರಿಗೆ ರೋಗವಿಲ್ಲದಿದ್ದರೂ ಅದು ಊದಿಕೊಳ್ಳಬಹುದು. ನನ್ನ ಎಡ ತೋಳಿನ ಕಲೆಯನ್ನು ನೋಡಿದ ಕೂಡಲೇ ಅಲ್ಲಿಯ ನರ್ಸ್ ಕೈಯಲ್ಲಿದ್ದ ಸೂಜಿಯನ್ನು ಪಕ್ಕಕ್ಕಿಟ್ಟು, “ನಿಮಗೆ ರಕ್ತ ಪರೀಕ್ಷೆಯೇ ಸರಿ, ಅದಕ್ಕೆ ಬಿಸಿಜಿ ಅಡ್ಡ ಬರುವುದಿಲ್ಲ” ಎಂದಳು. ಒಂದು ಕಲೆಯನ್ನು ಓದಿ ತೀರ್ಮಾನಕ್ಕೆ ಬಂದ ಆ ಕಣ್ಣು ನನಗೆ ಬೇಕು.

ಆ ಕಣ್ಣು ಒಂದು ವರ್ಷದಲ್ಲಿ ಬರುತ್ತದೆಯೇ? ನಿನ್ನ ಪ್ರಶ್ನೆಯ ಉಳಿದ ಅರ್ಧ ಇಲ್ಲಿದೆ, ಮತ್ತು ಇದಕ್ಕೆ ನನ್ನ ಬಳಿ ಧೈರ್ಯದ ಉತ್ತರವಿಲ್ಲ. ವೃದ್ಧಾಶ್ರಮವೊಂದರಲ್ಲಿ ನರ್ಸಿಂಗ್ ಸಹಾಯಕಿಯಾಗಿ ವಾರದ ಕೊನೆಯಲ್ಲಿ ಕೆಲಸ ಮಾಡುತ್ತೇನೆ. ತಾವಾಗಿ ಮಗ್ಗುಲು ಬದಲಿಸಲಾರದವರನ್ನು ಎರಡು ಗಂಟೆಗೊಮ್ಮೆ ಹೊರಳಿಸಿ ಮಲಗಿಸಬೇಕು, ಬೆನ್ನ ಕೆಳಭಾಗ, ಹಿಮ್ಮಡಿ, ಸೊಂಟದ ಮೂಳೆಯ ಮೇಲಿನ ಚರ್ಮ ನೋಡಬೇಕು. ಕಪ್ಪು ಬಣ್ಣದ ಅಜ್ಜಿಯೊಬ್ಬರ ಹಿಮ್ಮಡಿಯಲ್ಲಿ ನನಗೆ ಏನೂ ಕಾಣಲಿಲ್ಲ. ಹಿರಿಯ ನರ್ಸ್ ಬಂದು ಬೆರಳ ಹಿಂಬದಿಯಿಂದ ಮುಟ್ಟಿ, ಸುತ್ತಲಿಗಿಂತ ಅಲ್ಲಿ ಬಿಸಿಯಾಗಿದೆ, ಚರ್ಮ ಮೆತ್ತಗಾಗಿದೆ, ಹುಣ್ಣು ಶುರುವಾಗುವ ಮೊದಲ ಹಂತ ಇದು, ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ ಎಂದು ತೋರಿಸಿಕೊಟ್ಟರು. ಹಿಮ್ಮಡಿ ಹಾಸಿಗೆಗೆ ತಾಗದಂತೆ ಕಾಲಡಿಗೆ ದಿಂಬು ಇಟ್ಟೆವು. ಹೀಗೆ ಒಬ್ಬರ ಪಕ್ಕದಲ್ಲಿ ನಿಂತು ಕಲಿಯುವ ಗಂಟೆಗಳು ಎಷ್ಟು ಸಿಗುತ್ತವೆ ಎಂಬುದರ ಮೇಲೆಯೇ ಎಲ್ಲವೂ ನಿಂತಿದೆ ಎಂದು ನನಗೆ ಖಚಿತವಾಗಿದೆ.

ಆದ್ದರಿಂದ ಕಾಲೇಜುಗಳಿಗೆ ಫೋನ್ ಮಾಡಿದಾಗ ನಾನು ಕೇಳುವುದು ಇಷ್ಟೇ: ಕ್ಲಿನಿಕಲ್ ಗಂಟೆಗಳಲ್ಲಿ ಎಷ್ಟು ನಿಜವಾದ ಆಸ್ಪತ್ರೆಯಲ್ಲಿ, ಎಷ್ಟು ರೋಗಿಯ ಬದಲಿಗೆ ಇಡುವ ಗೊಂಬೆಗಳ ಮುಂದೆ? ಒಬ್ಬ ಬೋಧಕರ ಕೈಕೆಳಗೆ ಎಷ್ಟು ವಿದ್ಯಾರ್ಥಿಗಳು? ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದರು? ಎನ್‌ಕ್ಲೆಕ್ಸ್ ಎಂಬ ನರ್ಸ್ ಪರವಾನಗಿ ಪರೀಕ್ಷೆಯಲ್ಲಿ ಮೊದಲ ಸಲಕ್ಕೇ ತೇರ್ಗಡೆಯಾದವರ ಪ್ರಮಾಣವನ್ನು ರಾಜ್ಯದ ನರ್ಸಿಂಗ್ ಮಂಡಳಿಯೇ ಪ್ರಕಟಿಸುತ್ತದೆ, ಅದನ್ನು ಅವರಿಂದ ಕೇಳಬೇಕಾಗಿಲ್ಲ. ಮಾನ್ಯತೆಯನ್ನೂ ನಾನೇ ಪರಿಶೀಲಿಸುತ್ತೇನೆ. ಫ್ಲಾರಿಡಾದ ಕೆಲವು ನರ್ಸಿಂಗ್ ಶಾಲೆಗಳ ಹೆಸರಿನಲ್ಲಿ 7,600ಕ್ಕೂ ಹೆಚ್ಚು ನಕಲಿ ಪ್ರಮಾಣಪತ್ರಗಳು ಮಾರಾಟವಾಗಿದ್ದ ಪ್ರಕರಣ 2023ರ ಜನವರಿಯಲ್ಲಿ ಬಯಲಾದಾಗ, ಓದದೆ ಪದವಿ ಕೊಂಡವರು ರೋಗಿಗಳ ಹಾಸಿಗೆಯ ಬಳಿ ನಿಂತಿದ್ದರೆಂಬ ಸುದ್ದಿ ಓದಿ ನನಗೆ ಬಹಳ ಸಂಕಟವಾಗಿತ್ತು. ನನಗೆ ಸೀಟು ಕೊಟ್ಟಿರುವ ಕಾಲೇಜು ದುಬಾರಿಯಾದರೂ ಆಸ್ಪತ್ರೆಯ ಗಂಟೆಗಳ ಮಟ್ಟಿಗೆ ಅದರ ಉತ್ತರ ನೇರವಾಗಿತ್ತು. ಮುಂಗಡ ಕಟ್ಟುವ ಕಡೆಗೆ ಮನಸ್ಸು ವಾಲುತ್ತಿರುವುದು ಅದಕ್ಕಾಗಿಯೇ.

ಇನ್ನು ಸರ್ಕಾರಿ ವಿಶ್ವವಿದ್ಯಾಲಯದ ಅರ್ಜಿಗೆ “ನಾನೇಕೆ ನರ್ಸ್ ಆಗಬೇಕು” ಎಂಬ ಪ್ರಬಂಧವೊಂದನ್ನು ಕಳಿಸಬೇಕಾಗಿದೆ. ಅಪ್ಪನ ಪಾರ್ಶ್ವವಾಯುವಿನ ದಿನಗಳ ಬಗ್ಗೆ ಬರೆದಿದ್ದೆ. ಈಗ ಅದನ್ನು ತೆಗೆದು ಆ ಅಜ್ಜಿಯ ಹಿಮ್ಮಡಿಯ ಬಗ್ಗೆ ಬರೆಯುತ್ತಿದ್ದೇನೆ. ಕರಡನ್ನು ಈ ಪತ್ರದ ಜೊತೆಗಿಟ್ಟಿದ್ದೇನೆ. ವಾರ್ಡಿನಲ್ಲಿ ಎಲ್ಲರೂ “ಬ್ರದರ್” ಎಂದು ಕೂಗುವ ನೀನು ಓದಿ, ಯಾವ ಮಾತು ಕೆಲಸ ಮಾಡದವಳ ಮಾತಿನಂತೆ ಕೇಳುತ್ತದೆಯೋ ಅದರ ಕೆಳಗೆ ಗೆರೆ ಎಳೆದು ಕಳಿಸು. ಹಾಗೆಯೇ ಇನ್ನೊಂದು: ಓದು ಮುಗಿಸಿ ಮೊದಲ ಸಲ ಒಬ್ಬನೇ ರಾತ್ರಿ ಪಾಳಿ ನಿಂತಾಗ ನಿನಗೆ ನಿಜವಾಗಿ ಎಷ್ಟು ಗೊತ್ತಿತ್ತು, ಎಷ್ಟು ಗೊತ್ತಿರಲಿಲ್ಲ ಎಂಬುದನ್ನು ನನಗೆ ಸಮಾಧಾನವಾಗಲೆಂದು ಬದಲಿಸದೆ ಬರೆ. ಮುಂಗಡ ಕಟ್ಟಲು ಈ ತಿಂಗಳ ಕೊನೆಯವರೆಗೆ ಅವಕಾಶವಿದೆ, ಅಷ್ಟರೊಳಗೆ ನಿನ್ನ ಉತ್ತರ ಬಂದರೆ ಒಳ್ಳೆಯದು. ಅಮ್ಮನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಗೆಳತಿ