ಆಫ್‌ಲೈನ್ ನಕ್ಷೆ ಇನ್ನು ಎರಡು ಫೈಲುಗಳಲ್ಲಿ

ಆತ್ಮೀಯ ಗ್ರಾಹಕರೇ,

ಕ್ಷೇತ್ರ ಅಧ್ಯಯನಕ್ಕಾಗಿ ನಮ್ಮ ಸಹಕಾರಿಯಿಂದ ನೀವು ಒಯ್ಯುತ್ತಿದ್ದ ನಕ್ಷೆ, ಇಡೀ ಪ್ರದೇಶವನ್ನು 18ನೇ ಜೂಮ್ ಮಟ್ಟದವರೆಗೆ ತೋರಿಸುವ ಒಂದೇ ಎಂಬಿಟೈಲ್ಸ್ (ನಕ್ಷೆಯ ಚಿತ್ರತುಣುಕುಗಳನ್ನು ಒಟ್ಟಿಗೆ ಕೂಡಿಡುವ) ಫೈಲ್ ಆಗಿತ್ತು. ಮುಂದಿನ ತಿಂಗಳಿಂದ ಎರಡು ಫೈಲ್ ಕೊಡುತ್ತೇವೆ: ಇಡೀ ಪ್ರದೇಶಕ್ಕೆ 14ನೇ ಮಟ್ಟದವರೆಗಿನದು ಒಂದು, ನಿಮ್ಮ ಅಧ್ಯಯನ ತಾಣಗಳಿಗಷ್ಟೇ 15ರಿಂದ 17ರವರೆಗಿನದು ಇನ್ನೊಂದು.

ಜೂಮ್ ಒಂದು ಮಟ್ಟ ಏರಿದರೆ ಟೈಲುಗಳು, ಅಂದರೆ ನಕ್ಷೆಯ ಚೌಕ ಚಿತ್ರತುಣುಕುಗಳು, ನಾಲ್ಕು ಪಟ್ಟಾಗುತ್ತವೆ. ಹಳೆಯ ಫೈಲಿನ ಸುಮಾರು ಮುಕ್ಕಾಲು ಪಾಲು ಟೈಲುಗಳು 18ನೇ ಮಟ್ಟದವೇ. ಅಲ್ಲಿ ಒಂದು ಪಿಕ್ಸೆಲ್ ಎಂದರೆ ಭೂಮಧ್ಯರೇಖೆಯ ಬಳಿ ಸುಮಾರು 0.6 ಮೀಟರ್. ಮೊಬೈಲಿನ ಜಿಪಿಎಸ್ ಬಟ್ಟಬಯಲಲ್ಲೇ 5 ಮೀಟರಿನಷ್ಟು ಆಚೀಚೆ ಆಗುತ್ತದೆ; ದಟ್ಟ ಮರಗಳ ಕೆಳಗೆ, ಕಡಿದಾದ ಕಣಿವೆಗಳಲ್ಲಿ ಇನ್ನೂ ಹೆಚ್ಚು. ದಾರಿ ಹಿಡಿಯಲು, ತಾಣ ತಲುಪಲು ಅಷ್ಟು ಸೂಕ್ಷ್ಮ ಚಿತ್ರ ಬೇಕಿಲ್ಲ. ಒಂದೊಂದೇ ಮರದ ನೆತ್ತಿ ಗುರುತಿಸುವವರಿಗೆ ಮಾತ್ರ ಬೇಕೇ ಬೇಕು. ಅವರು ಕೇಳಿದರೆ ಆ ತಾಣಕ್ಕಷ್ಟೇ 18ನೇ ಮಟ್ಟವನ್ನೂ ಸೇರಿಸುತ್ತೇವೆ.

ಇನ್ನೊಂದು ಕಾರಣ ಮೆಮೊರಿ ಕಾರ್ಡ್. ಎಫ್‌ಎಟಿ32 ಎಂಬ ವಿಧಾನದಲ್ಲಿ ಫಾರ್ಮ್ಯಾಟ್ ಮಾಡಿದ ಕಾರ್ಡಿನಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕೂರುವುದಿಲ್ಲ. ಜಾಗ ಎಷ್ಟೇ ಖಾಲಿ ಇದ್ದರೂ ನಕಲು ನಡುವೆಯೇ ನಿಲ್ಲುತ್ತದೆ. ಇನ್ನು ಮುಂದೆ ಯಾವ ಫೈಲೂ 4 ಜಿಬಿ ಮುಟ್ಟದಂತೆ ಕತ್ತರಿಸಿ ಕೊಡುತ್ತೇವೆ.

ಎರಡನೆಯ ಫೈಲ್ ನಿಮ್ಮ ತಾಣಗಳಿಗಷ್ಟೇ ಆದ್ದರಿಂದ ಅವುಗಳ ಗಡಿ ನಿಮ್ಮಿಂದಲೇ ಬರಬೇಕು. ಗಡಿಯಂಥ ನಕ್ಷೆ ಮಾಹಿತಿಯನ್ನು ಇಡುವ ಫೈಲ್ ಬಗೆಗಳಲ್ಲಿ ಕೆಎಂಎಲ್ ಅಥವಾ ಜಿಯೋಪ್ಯಾಕೇಜ್ ಆದರೆ ಅನುಕೂಲ. ಇನ್ನೊಂದು ಬಗೆಯಾದ ಶೇಪ್‌ಫೈಲ್ ಆದರೆ ಅದರ ಜೊತೆಗಿರುವ ಎಲ್ಲ ಫೈಲುಗಳನ್ನೂ ಕಳಿಸಿ. ಅವುಗಳಲ್ಲಿ ಪಿಆರ್‌ಜೆ ಫೈಲ್ ತಪ್ಪಿಹೋದರೆ ಗಡಿ ಯಾವ ನಿರ್ದೇಶಾಂಕ ವ್ಯವಸ್ಥೆಯಲ್ಲಿದೆ ಎಂದು ತಿಳಿಯುವುದಿಲ್ಲ, ತಾಣವೇ ಬೇರೆಡೆ ಬೀಳಬಹುದು. ಗಡಿಯ ಸುತ್ತ 500 ಮೀಟರ್ ಹೆಚ್ಚುವರಿ ಅಂಚನ್ನು ನಾವೇ ಸೇರಿಸುತ್ತೇವೆ.

ಕ್ಷೇತ್ರದಲ್ಲಿ ನಕ್ಷೆ ನೋಡಿ ಮಾಹಿತಿ ದಾಖಲಿಸುವ ಕ್ಯೂಫೀಲ್ಡ್ ಆ್ಯಪ್ ಬಳಸುವವರು ಎರಡೂ ಫೈಲುಗಳನ್ನು ಪ್ರಾಜೆಕ್ಟ್ ಫೋಲ್ಡರಿನಲ್ಲೇ ಇಡಿ, ತಾಣದ ಪದರ ಮೇಲಿರಲಿ. ಹೊರಡುವ ಮೊದಲೊಮ್ಮೆ ಫ್ಲೈಟ್ ಮೋಡ್ ಹಾಕಿ, ಆನ್‌ಲೈನ್ ಪದರಗಳನ್ನು ಆಫ್ ಮಾಡಿ, ಪ್ರತಿ ತಾಣದ ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ನೋಡಿ. ನೆಟ್‌ವರ್ಕ್ ಇರುವಾಗ ಕಾಣುವ ಚಿತ್ರ ಫೈಲಿನದೋ ಅಂತರ್ಜಾಲದ್ದೋ ಗೊತ್ತಾಗುವುದಿಲ್ಲ. ಈ ತಪಾಸಣೆಯನ್ನು ದಯವಿಟ್ಟು ಬಿಡಬೇಡಿ.

ಮರಳಿದ ಮೇಲೆ ಮೊದಲು ಪ್ರಾಜೆಕ್ಟ್ ಮುಚ್ಚಿ, ಆಮೇಲೆ ಇಡೀ ಫೋಲ್ಡರನ್ನು ಫೋಟೊ ಸಮೇತ ನಕಲು ಮಾಡಿ. ಜಿಯೋಪ್ಯಾಕೇಜ್ ತೆರೆದಿರುವಾಗ ಹೊಸ ದಾಖಲೆಗಳು ಪಕ್ಕದ ‘ವಾಲ್’ ಎಂಬ ತಾತ್ಕಾಲಿಕ ಫೈಲಿನಲ್ಲಿ (ಹೆಸರಿನ ಕೊನೆಗೆ -wal ಇರುವುದು) ಇರಬಹುದು; ಮುಖ್ಯ ಫೈಲನ್ನಷ್ಟೇ ತಂದರೆ ಕೊನೆಯ ದಿನದ ದುಡಿಮೆ ಹೋದೀತು. ನಕಲಾಗುವವರೆಗೆ ಆ್ಯಪ್ ತೆಗೆದುಹಾಕಬೇಡಿ: ಆಂಡ್ರಾಯ್ಡ್‌ನಲ್ಲಿ ಆ್ಯಪಿನ ಜೊತೆ ಅದರ ಫೋಲ್ಡರೂ ಅಳಿಸಿಹೋಗುತ್ತದೆ.

ನಿಮ್ಮ ಬಳಿಯಿರುವ ಹಳೆಯ ಫೈಲುಗಳು ಎಂದಿನಂತೆ ತೆರೆದುಕೊಳ್ಳುತ್ತವೆ. ಹೊಸದು ಬೇಕಾದವರು ಹೊರಡುವ ಒಂದು ವಾರ ಮೊದಲು ಗಡಿ ಕಳಿಸಿ.

ಇಂತಿ,
ನಕ್ಷೆ ವಿಭಾಗದವರು