ಕೊಟ್ಟವರ ಹೆಸರು ಹಾಕಿ, ಪಡೆದವರ ಮುಖ ಬೇಡ

ಮಾನ್ಯ ಸಂಪಾದಕರೇ,

ದಾನ ಕೊಡುವಾಗ ತೆಗೆಸಿಕೊಳ್ಳುವ ಫೋಟೊಗಳ ಬಗ್ಗೆ ಈ ಪತ್ರ. ಒಂದೇ ಒಂದು ಕಂಬಳಿ. ಅದರ ಒಂದು ತುದಿ ಅಜ್ಜಿಯ ಕೈಯಲ್ಲಿ, ಇನ್ನೊಂದು ತುದಿಗೆ ಐದಾರು ಜನರ ಕೈ. ಕೊಡುವವರೆಲ್ಲ ಕ್ಯಾಮೆರಾ ನೋಡಿ ನಗುತ್ತಿರುತ್ತಾರೆ, ಅಜ್ಜಿ ನೆಲ ನೋಡುತ್ತಿರುತ್ತಾರೆ. ಫೋಟೊ ಸರಿಯಾಗಿ ಬರಲಿಲ್ಲ ಅಂತ ಕೊಟ್ಟ ಕಂಬಳಿಯನ್ನೇ ವಾಪಸ್ ಇಸ್ಕೊಂಡು ಮತ್ತೊಮ್ಮೆ ಕೊಟ್ಟದ್ದನ್ನೂ ನೋಡಿದ್ದೇನೆ. ‘ಅಜ್ಜೀ, ಸ್ವಲ್ಪ ಈ ಕಡೆ ನೋಡಿ’ ಅನ್ನುವ ಮಾತು ಕಿವಿಗೆ ಬಿದ್ದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನಾಲ್ಕು ಜನ ಮೆಚ್ಚಲಿ ಅನ್ನುವ ಆಸೆಯೇ ತಪ್ಪು ಅಂತ ನಾನು ಹೇಳುತ್ತಿಲ್ಲ. ನಡೆಯಲು ಕಲಿಯುವ ಮಗು ಕೂಡ ಎರಡು ಹೆಜ್ಜೆ ಇಟ್ಟು ಅಮ್ಮನ ಮುಖ ನೋಡುತ್ತದೆ. ಬೆನ್ನು ತಟ್ಟುವವರಿದ್ದರೆ ಯಾರಿಗೇ ಆಗಲಿ ಹುರುಪು ಬರುತ್ತದೆ. ಆದರೆ ನಮ್ಮ ಹೆಸರಿಗೋಸ್ಕರ ಇನ್ನೊಬ್ಬರ ಕಷ್ಟವನ್ನು ಎಲ್ಲರಿಗೂ ತೋರಿಸುವ ಹಕ್ಕು ನಮಗೆಲ್ಲಿದೆ? ‘ಅವರೇ ಒಪ್ಪಿ ನಿಂತರಲ್ಲ’ ಅನ್ನುತ್ತಾರೆ. ಕಂಬಳಿ ಬೇಕಾದವರು ಫೋಟೊ ಬೇಡ ಅಂತ ಹೇಗೆ ಹೇಳಿಯಾರು? ಹೇಳಿದರೆ ಕಂಬಳಿಯೂ ಕೈತಪ್ಪೀತು ಅನ್ನುವ ಭಯ ಇರುತ್ತದಲ್ವಾ? ಪುಸ್ತಕದ ಚೀಲ ಪಡೆದ ಹುಡುಗಿಯದು ಇನ್ನೂ ಕಷ್ಟ. ಮರುದಿನ ಅವಳು ಅದೇ ಚೀಲ ಹೆಗಲಿಗೆ ಹಾಕಿಕೊಂಡು, ಆ ಫೋಟೊ ನೋಡಿದ ಗೆಳತಿಯರ ನಡುವೆಯೇ ಕೂರಬೇಕು.

12ನೇ ಶತಮಾನದ ಯಹೂದಿ ಚಿಂತಕ ಮೈಮೊನಿಡೀಸ್ ದಾನಕ್ಕೆ ಎಂಟು ಮೆಟ್ಟಿಲು ಹೇಳಿದ್ದಾನೆ. ಸಾಲ ಕೊಟ್ಟೋ ಕೆಲಸ ಕೊಡಿಸಿಯೋ ಒಬ್ಬರನ್ನು ಅವರ ಕಾಲ ಮೇಲೆ ನಿಲ್ಲಿಸುವುದು ಎಲ್ಲಕ್ಕಿಂತ ಮೇಲಿನದು. ಅದರ ಕೆಳಗಿನದು, ಕೊಟ್ಟವರು ಯಾರು, ಪಡೆದವರು ಯಾರು ಅಂತ ಪರಸ್ಪರ ಗೊತ್ತೇ ಆಗದಂತೆ ಕೊಡುವುದು. ಪಡೆಯುವವರ ಮರ್ಯಾದೆಯ ಬಗ್ಗೆ ಆಗಲೇ ಇಷ್ಟು ಯೋಚನೆ ಇತ್ತು.

ಇಷ್ಟೆಲ್ಲ ಮಾಡಿ ಕೊಟ್ಟವರಿಗೆ ಸಿಗುವುದಾದರೂ ಎಷ್ಟು? ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಗಿಲೋವಿಚ್ ಮತ್ತು ಸಂಗಡಿಗರು 2000ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ವಿದ್ಯಾರ್ಥಿಗಳಿಗೆ ಮುಜುಗರ ತರುವ ಚಿತ್ರದ ಟೀಶರ್ಟ್ ಹಾಕಿಸಿ, ಬೇರೆಯವರು ಕೂತಿದ್ದ ಕೋಣೆಗೆ ಕಳಿಸಿದ್ದರು. ಸುಮಾರು ಅರ್ಧದಷ್ಟು ಜನ ಗಮನಿಸಿರುತ್ತಾರೆ ಅಂತ ಹಾಕಿಕೊಂಡವರು ಅಂದಾಜು ಮಾಡಿದರು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ. ಎಲ್ಲರ ಕಣ್ಣೂ ನಮ್ಮ ಮೇಲೇ ಇದೆ ಅಂತ ನಾವು ಸುಮ್ನೆ ಅಂದುಕೊಳ್ಳುತ್ತೇವೆ. ದಾನದ ಫೋಟೊದಲ್ಲೂ ಇದೇ ಆಗುತ್ತದೆ ಅನ್ನಿಸುತ್ತದೆ. ಹೊಗಳಿ ಹೊನ್ನಶೂಲಕ್ಕೇರಿಸುವ ನಾಲ್ಕು ಜನರನ್ನು ಬಿಟ್ಟರೆ, ಉಳಿದವರು ನೋಡಿ ಪುಟ ತಿರುಗಿಸುತ್ತಾರೆ. ಆದರೆ ಅಜ್ಜಿಯನ್ನು ಬಲ್ಲವರು ಹಾಗೆ ತಿರುಗಿಸುವುದಿಲ್ಲ.

ಕೊಟ್ಟವರ ಹೆಸರು ಹಾಕಿ, ಎಷ್ಟು ಕೊಟ್ಟರು ಅಂತಲೂ ಬರೆಯಿರಿ, ನನ್ನ ತಕರಾರಿಲ್ಲ. ಅದನ್ನು ಓದಿ ಇನ್ನಿಬ್ಬರಿಗೆ ಕೊಡುವ ಮನಸ್ಸು ಬಂದರೆ ಒಳ್ಳೆಯದೇ. ಆದರೆ ಪಡೆದವರ ಮುಖ ಕಾಣುವ ಫೋಟೊ ಪ್ರಕಟಿಸುವುದಿಲ್ಲ ಅಂತ ನಿಮ್ಮ ಪತ್ರಿಕೆ ಒಂದು ನಿಯಮ ಮಾಡಲಿ. ಮಕ್ಕಳ ಮುಖವಂತೂ ಬೇಡವೇ ಬೇಡ. ಅಚ್ಚಾಗುವುದಿಲ್ಲ ಅಂತ ಗೊತ್ತಾದರೆ ಅಂಥ ಫೋಟೊ ತೆಗೆಸುವುದೂ ಎಷ್ಟೋ ಕಡಿಮೆಯಾದೀತು. ನಿಮ್ಮ ವೆಬ್‌ಸೈಟಿನಲ್ಲಿರುವ ಹಳೆಯ ಫೋಟೊಗಳನ್ನು, ಪಡೆದವರು ಕೇಳಿದರೆ ತೆಗೆದುಹಾಕುವ ಏರ್ಪಾಡೂ ಇರಲಿ.

ಇಂತಿ,
ನಿಮ್ಮ ಓದುಗ