ನಿನ್ನ ಕಥೆಯ ಅಜ್ಜನಿಗೆ ಒಂದು ಕೆಲಸ ಕೊಡು

ಶಿವಮೊಗ್ಗ

ಚಿರಂಜೀವಿಗೆ ಆಶೀರ್ವಾದಗಳು.

ನಿನ್ನ ಕಾಗದ, ಕಥೆ ಎರಡೂ ಒಂದೇ ಲಕೋಟೆಯಲ್ಲಿ ಬಂದವು. ಕಾಗದದಲ್ಲಿ ಎರಡು ಪ್ರಶ್ನೆ ಕೇಳಿದ್ದೀಯ. ಬದುಕಿಗೊಂದು ಉದ್ದೇಶ ಸಿಗುವುದು ಹೇಗೆ? ಬರೆಯುವುದಕ್ಕಾಗಿ ನೌಕರಿ ಬಿಡಲೇ? ಎರಡಕ್ಕೂ ಬರುತ್ತೇನೆ. ಅದಕ್ಕೂ ಮೊದಲು ಕಥೆಯ ಬಗ್ಗೆ ನಿನ್ನ ಜೊತೆ ಒಂದು ಜಗಳ ಬಾಕಿ ಇದೆ.

ಆ ಕಥೆಯ ಅಜ್ಜ ಮೊದಲ ಪುಟದಿಂದ ಕೊನೆಯ ಪುಟದವರೆಗೂ ಜಗುಲಿಯ ಮೇಲೆ ಕೂತು ಬೇಲಿಯ ದಣಪೆಯ ಕಡೆ ನೋಡುತ್ತಿದ್ದಾನೆ. ಅವನಿಗೆ ಹಸಿವಿಲ್ಲ, ಸಿಟ್ಟಿಲ್ಲ, ಯಾರ ಮೇಲೂ ಹೊಟ್ಟೆಕಿಚ್ಚಿಲ್ಲ. ಸಾವು ಯಾವಾಗ ಬಂದೀತು ಅಂತ ಕಾಯುವುದೊಂದೇ ಉದ್ಯೋಗ. ನಿನ್ನ ವಯಸ್ಸಿನಿಂದ ನೋಡಿದರೆ ಮುಪ್ಪು ಹಾಗೆ ಕಾಣಿಸುತ್ತದೋ ಏನೋ. ಎಪ್ಪತ್ತು ದಾಟಿದ ನನಗಂತೂ ಹಾಗೆ ಕೂತವರು ಕಂಡದ್ದು ಕಡಿಮೆ. ಒಂದು ಬೆಳಿಗ್ಗೆ ಇಲ್ಲಿಯ ಗಾಂಧಿ ಪಾರ್ಕಿಗೆ ಬಂದು ನೋಡು ಮಾರಾಯ. ಡಿಎ ಬಾಕಿ ಎಷ್ಟು ಬರಬೇಕು ಅಂತ ಲೆಕ್ಕ ಹಾಕುವವರಿದ್ದಾರೆ. ಶುಗರ್ ಎಷ್ಟು ಬಂತು ಅಂತ ಎಸ್ಸೆಸ್ಸೆಲ್ಸಿ ಅಂಕದ ಹಾಗೆ ಹೋಲಿಸಿಕೊಳ್ಳುವವರಿದ್ದಾರೆ. ಅಣ್ಣತಮ್ಮಂದಿರ ಪಾಲು ಪಟ್ಟಿಯ ಜಗಳವನ್ನು ಇನ್ನೂ ಬಿಡದವರಿದ್ದಾರೆ. ಅರವತ್ತರ ಮೇಲೆ ವೀಣೆ ಕಲಿಯಲು ಹೊರಟು ಮನೆಮಂದಿಯ ಮಧ್ಯಾಹ್ನದ ನಿದ್ದೆ ಕೆಡಿಸಿದ ಒಬ್ಬಾಕೆಯೂ ಇದ್ದಾಳೆ. ಇವರಿಗೆಲ್ಲ ನಾಳೆ ಏನೋ ಒಂದು ಬೇಕಾಗಿದೆ. ನಿನ್ನ ಅಜ್ಜನಿಗೆ ಏನೂ ಬೇಡ. ಅದಕ್ಕೇ ಅವನು ಎರಡನೇ ಪುಟಕ್ಕೇ ಸತ್ತಂತಿದ್ದಾನೆ. ಅವನಿಗೆ ಏನಾದರೂ ಕೆಲಸ ಕೊಡು. ಬೇಲಿ ವ್ಯಾಜ್ಯವಾದರೂ ಸರಿ.

ನಿನ್ನ ಮೊದಲ ಪ್ರಶ್ನೆಗೂ ನನ್ನ ಹತ್ತಿರ ಇರುವುದು ಹೆಚ್ಚುಕಡಿಮೆ ಇದೇ ಉತ್ತರ. ಏಕಾಂತದಲ್ಲಿ ಕೂತು ಧ್ಯಾನಿಸಿದರೆ ಉದ್ದೇಶ ಹೊಳೆಯುತ್ತದೆ ಅಂತ ನೀನು ನಂಬಿದ ಹಾಗಿದೆ. ನಾನು ಕಂಡಂತೆ ಅದು ಹೊರಗಿನಿಂದ ಬರುತ್ತದೆ, ಬಹಳ ಸಲ ಬೇರೆಯವರ ಕಾಟದ ವೇಷದಲ್ಲಿ. ಜಿ. ವೆಂಕಟಸುಬ್ಬಯ್ಯನವರನ್ನೇ ತಗೋ. 1913ರಲ್ಲಿ ಹುಟ್ಟಿದವರು, 1973ರಲ್ಲಿ ಬೆಂಗಳೂರಿನ ವಿಜಯಾ ಕಾಲೇಜಿನಿಂದ ನಿವೃತ್ತರಾದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿಗೆ ಪ್ರಧಾನ ಸಂಪಾದಕರಾಗಿ ದುಡಿದರು. ಅಷ್ಟಕ್ಕೇ ಕೈ ತೊಳೆದುಕೊಂಡು ಕೂತಿದ್ದರೂ ಯಾರೂ ಏನೂ ಅನ್ನುತ್ತಿರಲಿಲ್ಲ. ಆದರೆ ಎಪ್ಪತ್ತೈದು ದಾಟಿದ ಮೇಲೆ ಪ್ರಜಾವಾಣಿಯಲ್ಲಿ ‘ಇಗೋ ಕನ್ನಡ’ ಅಂಕಣ ಶುರುಮಾಡಿದರು. ಈ ಪದಕ್ಕೆ ಏನರ್ಥ, ಆ ರೂಪ ಸರಿಯೇ ತಪ್ಪೇ ಅಂತ ಓದುಗರು ಕೇಳುವುದು, ಇವರು ಉತ್ತರಿಸುವುದು. ವರ್ಷಗಟ್ಟಲೆ ಅದು ನಡೆಯಿತು. 2011ರಲ್ಲಿ ಬೆಂಗಳೂರಿನ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದಾಗ ಅವರಿಗೆ 97. ತೀರಿಕೊಂಡದ್ದು 2021ರಲ್ಲಿ, 107ನೇ ವಯಸ್ಸಿನಲ್ಲಿ. ಅಂಕಣ ಬರೆದದ್ದರಿಂದಲೇ ಆಯುಸ್ಸು ಬಂತು ಅಂತ ನಾನು ಹೇಳುವುದಿಲ್ಲ. ವಂಶ ಇರುತ್ತದೆ, ಅದೃಷ್ಟವೂ ಇರುತ್ತದೆ. ಆದರೆ ಯಾವುದೋ ಊರಿನ ಯಾರೋ ಒಬ್ಬರು ತಮ್ಮ ಉತ್ತರಕ್ಕಾಗಿ ಕಾಯುತ್ತಿದ್ದಾರೆ ಅನ್ನುವುದು ಗೊತ್ತಿದ್ದವರಿಗೆ ಬೆಳಿಗ್ಗೆ ಏಳಲು ಬೇರೆ ಕಾರಣ ಬೇಕಾಗುವುದಿಲ್ಲ. ನಿನ್ನನ್ನು ಯಾರು ಏನು ಕೇಳುತ್ತಿದ್ದಾರೆ? ನೀನಿರುವ ಪಿಜಿಯ ಅಡುಗೆಯವರ ಮಗನಿಗೆ ಅರ್ಜಿ ಬರೆದುಕೊಡಬೇಕಿದ್ದರೆ ಅಲ್ಲಿಂದಲೇ ಶುರುಮಾಡು.

ಇಪ್ಪತ್ತಾರಕ್ಕೇ ತಡವಾಯಿತು ಅಂತ ಬೇರೆ ಹಲುಬಿದ್ದೀಯ. ನಮ್ಮ ತೀರ್ಥಹಳ್ಳಿಯಲ್ಲಿ ಹುಟ್ಟಿದ ಎಂ.ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರ’ ಬಂದದ್ದು 1963ರಲ್ಲಿ. ಆಗ ಅವರಿಗೆ 46. ‘ಫಣಿಯಮ್ಮ’ ಬರುವ ಹೊತ್ತಿಗೆ 59. ಶಾಲೆ ಕಲಿತದ್ದು ಸ್ವಲ್ಪ, ಕಿವಿಗೆ ಬಿದ್ದದ್ದು ಬಹಳ. ಬಾಲವಿಧವೆಯಾದ ಫಣಿಯಮ್ಮನ ಕಥೆಯನ್ನು ಅವರು ಕೇಳಿದ್ದು ತಾಯಿಯ ಬಾಯಿಂದ. ಅದು ಬರಹವಾಗಿ ಹೊರಬರಲು ದಶಕಗಳು ಹಿಡಿದವು.

ಕಿವಿಯ ಮಾತು ಬಂದದ್ದಕ್ಕೆ ಒಂದು ವಿಷಯ ಸ್ವಲ್ಪ ಉದ್ದವಾಗಿಯೇ ಹೇಳಬೇಕು. ವಯಸ್ಸಾಗುವುದು ಅಂದರೆ ನೀವೆಲ್ಲ ಮಂಡಿ ನೋವು, ಮರೆವು ಅಂದುಕೊಳ್ಳುತ್ತೀರಿ. ಬರೆಯುವವರಿಗೆ ಮೊದಲು ಬರುವ ನಷ್ಟ ಕಿವಿಯದ್ದು, ಮತ್ತು ಅದು ಬಂದದ್ದೇ ಗೊತ್ತಾಗುವುದಿಲ್ಲ. ಬ್ಯಾಂಕಿನಲ್ಲಿ ನನ್ನ ಜೊತೆಗಿದ್ದ ಗೆಳತಿಯೊಬ್ಬಳು ಮದುವೆಮನೆಯಲ್ಲಿ ಬಾಯಿ ತೆರೆದರೆ ಹತ್ತು ಜನ ಕುರ್ಚಿ ಎಳೆದುಕೊಂಡು ಬರುತ್ತಿದ್ದರು. ಈಗ ಮೂಲೆಯಲ್ಲಿ ಕೂತು ಎಲ್ಲದಕ್ಕೂ ತಲೆ ಆಡಿಸುತ್ತಾಳೆ. ಗದ್ದಲದಲ್ಲಿ ಮಾತು ಬಿಡಿಸಿಕೊಳ್ಳಲು ಅವಳಿಗೆ ಆಗುವುದಿಲ್ಲ, ಕಿವಿಗೆ ಮಷೀನು ಹಾಕಿಕೋ ಅಂದರೆ ‘ಮುದುಕಿ ಥರ ಕಾಣ್ತೀನಿ’ ಅನ್ನುತ್ತಾಳೆ. ಕನ್ನಡಕ ಹಾಕಿಕೊಳ್ಳುವಾಗ ಬಾರದ ನಾಚಿಕೆ ಕಿವಿಯ ವಿಷಯದಲ್ಲಿ ಯಾಕೆ ಬರುತ್ತದೋ! ಅವಳು ಮಾತು ಕಡಿಮೆ ಮಾಡಿದಳು, ಆಮೇಲೆ ಮದುವೆಗೆ ಹೋಗುವುದನ್ನೇ ಬಿಟ್ಟಳು. ಮರೆಗುಳಿತನದ ಬಗ್ಗೆ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯ ಆಯೋಗ 2024ರಲ್ಲಿ ಕೊಟ್ಟ ವರದಿ, ನಾವು ಬದಲಿಸಬಹುದಾದ 14 ಕಾರಣಗಳನ್ನು ಹೇಳುತ್ತದೆ. ಅವನ್ನೆಲ್ಲ ಹತೋಟಿಗೆ ತಂದರೆ ಸುಮಾರು 45 ಶೇಕಡಾ ಪ್ರಕರಣಗಳನ್ನು ತಡೆಯಬಹುದು ಇಲ್ಲವೇ ಮುಂದೂಡಬಹುದಂತೆ. ಬಿಪಿ, ಸಕ್ಕರೆ, ಧೂಮಪಾನ ನಾವೆಲ್ಲ ಊಹಿಸುವವು. ಅದೇ ಪಟ್ಟಿಯಲ್ಲಿ ಕಿವುಡುತನವೂ ಇದೆ, ಒಂಟಿತನವೂ ಇದೆ. ನನ್ನ ಗೆಳತಿಯಲ್ಲಿ ಒಂದು ಇನ್ನೊಂದನ್ನು ಕೈಹಿಡಿದು ಕರೆತಂದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಬರಹಗಾರರಲ್ಲಿ ಇದು ಬೇರೆ ಥರ ಕಾಣಿಸಿಕೊಳ್ಳುತ್ತದೆ. ಕೇಳುವುದು ನಿಂತ ಮೇಲೂ ಬರೆಯುವುದು ನಿಲ್ಲುವುದಿಲ್ಲ ನೋಡು. ಆಗ ಕಾಲೇಜು ಹುಡುಗಿಯರು ಕೂಡ 1980ರ ಭಾಷೆ ಆಡತೊಡಗುತ್ತಾರೆ. ಕಿವಿ ಚೆನ್ನಾಗಿದ್ದೂ ಹಾಗೆ ಬರೆಯುವ ಹಿರಿಯರಿದ್ದಾರೆ, ಅದಕ್ಕೆ ಮಷೀನು ಇನ್ನೂ ಬಂದಿಲ್ಲ. ನಿನಗೆ ಈಗಲೇ ಹೇಳುವುದು ಇಷ್ಟು: ಹಗಲಿಡೀ ಕಿವಿಯಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಬಸ್ಸಿನಲ್ಲಿ ಕೂರಬೇಡ. ಕಿವಿಗೂ ಕೆಟ್ಟದ್ದು, ಕಥೆಗೂ ಕೆಟ್ಟದ್ದು. ನಿನ್ನ ತಂದೆಯವರಿಗೆ ಟಿವಿ ಸದ್ದು ಜಾಸ್ತಿ ಬೇಕಾಗುತ್ತಿದೆ ಅಂತ ಬರೆದಿದ್ದೀಯಲ್ಲ, ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಕರೆದುಕೊಂಡು ಹೋಗಿ ತೋರಿಸು.

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಎರಡನೆಯ ಅರ್ಧ ಹೇಳಿದವರು ಸಾಹಿತಿಗಳನ್ನು ನೋಡಿದವರಲ್ಲ. ಅಕ್ಟೋಬರ್ ಕೊನೆಯ ವಾರ ಬಂತೆಂದರೆ ನಮ್ಮಲ್ಲಿ ಕೆಲವರ ಬಿಪಿ ಏರುತ್ತದೆ, ರಾಜ್ಯೋತ್ಸವ ಪ್ರಶಸ್ತಿಯ ಪಟ್ಟಿಯಲ್ಲಿ ಯಾರಿದ್ದಾರೆ, ಯಾರಿಲ್ಲ ಅಂತ. ಕೆಟ್ಟದಾಗಿ ವಯಸ್ಸಾಗುವುದು ಅಂದರೆ ನನ್ನ ಮಟ್ಟಿಗೆ ಅದೇ. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಬಂದದ್ದು 1956ರಲ್ಲಿ, ಅವರಿಗೆ ಜ್ಞಾನಪೀಠ ಬಂದದ್ದು 1983ನೇ ಸಾಲಿಗೆ. ಅಷ್ಟರಲ್ಲಿ ಅವರು ತೊಂಬತ್ತು ದಾಟಿದ್ದರು. ನಡುವಿನ ಆ 27 ವರ್ಷ ಅವರೇನು ಫೋನಿನ ಪಕ್ಕ ಕೂತಿದ್ದರೇ? ಬರೆದರು, ಬಂದವರ ಜೊತೆ ಮಾತಾಡಿದರು, ಬಸವನಗುಡಿಯ ಕ್ಲಬ್ಬಿಗೆ ಹೋಗಿ ಇಸ್ಪೀಟಾಡಿದರು. ಆ ಇಸ್ಪೀಟಿನ ಬಗ್ಗೆ ನನಗೆ ಬಹಳ ಗೌರವವಿದೆ. ನಿನ್ನ ಪುಸ್ತಕ ಓದದ ನಾಲ್ಕು ಜನ ಗೆಳೆಯರನ್ನು ಈಗಿನಿಂದಲೇ ಸಂಪಾದಿಸಿಕೋ. ಮುಂದೆ ಅವರೇ ಬೇಕಾಗುತ್ತಾರೆ.

ಇನ್ನು ದಿನನಿತ್ಯದ ಮಾತು. ರಾತ್ರಿ ಎರಡರವರೆಗೆ ಎದ್ದು ಬರೆಯುತ್ತೇನೆ ಅಂತ ಹೆಮ್ಮೆಯಿಂದ ತಿಳಿಸಿದ್ದೀಯ. ಕಥೆ ಓದುವಾಗ ಅದು ಗೊತ್ತಾಯಿತು. ಹನ್ನೊಂದಕ್ಕೆ ಬಿರಿಯಾನಿ ತರಿಸಿಕೊಂಡು ತಿನ್ನುವುದು, ಹಾಸಿಗೆಯಲ್ಲಿ ಫೋನು ನೋಡುವುದು, ಬೆಳಿಗ್ಗೆ ತಿಂಡಿ ಬಿಟ್ಟು ಆಫೀಸಿಗೆ ಓಡುವುದು; ಇವನ್ನು ಬಿಡಲು ಮನಸ್ಸು ಗಟ್ಟಿ ಮಾಡಬೇಕು ಅಂತಲೂ ಬರೆದಿದ್ದೀಯ. ಮನಸ್ಸು ಗಟ್ಟಿ ಮಾಡುವ ಕೆಲಸ ನನ್ನಿಂದ ಇವತ್ತಿಗೂ ಆಗುವುದಿಲ್ಲ. ದಣಿದ ರಾತ್ರಿಯಲ್ಲಿ ಯಾರೂ ಸರಿಯಾದ ನಿರ್ಧಾರ ಮಾಡುವುದಿಲ್ಲ, ಆದ್ದರಿಂದ ರಾತ್ರಿಯ ನಿರ್ಧಾರವನ್ನು ಬೆಳಿಗ್ಗೆಯೇ ಮುಗಿಸಿಡಬೇಕು. ನಮ್ಮ ಮನೆಯಲ್ಲಿ ಚಕ್ಕುಲಿ ಡಬ್ಬ ಅಟ್ಟದ ಮೇಲಿದೆ, ಸ್ಟೂಲು ಹಾಕಿ ಹತ್ತಬೇಕು. ಫೋನಿನ ಚಾರ್ಜರ್ ಅಡುಗೆಮನೆಯಲ್ಲಿದೆ. ಬರೆಯುವ ಪುಸ್ತಕ ವಾಕ್ಯದ ನಡುವೆಯೇ ನಿಂತು ಮೇಜಿನ ಮೇಲೆ ತೆರೆದಿರುತ್ತದೆ, ಮಾರನೆಯ ದಿನ ಎಲ್ಲಿಂದ ಶುರು ಅನ್ನುವ ಚಿಂತೆ ಇಲ್ಲ. ಇವುಗಳಲ್ಲಿ ಯಾವುದಕ್ಕೂ ಸಂಕಲ್ಪಬಲ ಬೇಕಿಲ್ಲ, ಮೊಳೆ ಸುತ್ತಿಗೆ ಸಾಕು. ವಾರಕ್ಕೆ 150 ನಿಮಿಷ ಬಿರುಸಾಗಿ ನಡೆಯಿರಿ, ಎರಡು ದಿನ ಸ್ನಾಯುಗಳಿಗೂ ಕೆಲಸ ಕೊಡಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಮೊದಲನೆಯದನ್ನು ಎಲ್ಲರೂ ಕೇಳಿರುತ್ತಾರೆ, ಎರಡನೆಯದನ್ನು ನಮ್ಮ ಪಾರ್ಕಿನವರು ಯಾರೂ ಮಾಡುವುದಿಲ್ಲ. ಕೈ ಊರದೆ ನೆಲದಿಂದ ಏಳಲು ಬರುತ್ತದೆಯೇ ಅಂತ ಇವತ್ತೇ ನೋಡಿಕೋ.

ಕೊನೆಗೆ ನೌಕರಿ. ಬ್ಯಾಂಕಿನವಳಾದ್ದರಿಂದ ಲೆಕ್ಕದಲ್ಲೇ ಹೇಳುತ್ತೇನೆ. 200 ರೂಪಾಯಿಯ ಪುಸ್ತಕ, ಸಾವಿರ ಪ್ರತಿ, ಶೇಕಡಾ ಹತ್ತು ಗೌರವಧನ ಅಂತ ಇಟ್ಟುಕೋ. ಒಂದು ಪ್ರತಿಯೂ ಉಳಿಯದೆ ಮಾರಾಟವಾದರೆ ನಿನ್ನ ಕೈಗೆ ಬರುವುದು 20,000 ರೂಪಾಯಿ. ನಿನ್ನ ಪಿಜಿ ಬಾಡಿಗೆಗೆ ಅದು ಎಷ್ಟು ತಿಂಗಳಿಗೆ ಬರುತ್ತದೆ ಅಂತ ನೀನೇ ಭಾಗಿಸು. ಮಾಸ್ತಿಯವರು ಕೂಡ ಸಂಸ್ಥಾನದ ಸರ್ಕಾರಿ ನೌಕರಿಯಲ್ಲಿದ್ದುಕೊಂಡೇ ಕಥೆ ಬರೆದವರು. ಒಂದು ವರ್ಷದ ಖರ್ಚು ಎಫ್‌ಡಿಯಲ್ಲಿ ಕೂಡುವವರೆಗೆ ರಾಜೀನಾಮೆಯ ಮಾತೆತ್ತಬೇಡ, ಪಿಎಫ್ ಅಂತೂ ಮುಟ್ಟಲೇಬೇಡ. ಬೆಳಿಗ್ಗೆ ಆಫೀಸಿಗೆ ಮುಂಚೆ ಒಂದು ಗಂಟೆ ಬರೆ. ಆ ಗಂಟೆ ಸಾಲುತ್ತಿಲ್ಲ ಅನ್ನಿಸುವಷ್ಟು ಬರವಣಿಗೆ ಕೂಡಿಬಂದ ಮೇಲೆ ಇದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳು, ಆಗ ನನ್ನ ಉತ್ತರ ಬೇರೆ ಇದ್ದರೂ ಇರಬಹುದು.

ಯುಗಾದಿಗೆ ಊರಿಗೆ ಬರುವಾಗ ಶಿವಮೊಗ್ಗದಲ್ಲಿ ಇಳಿದು ಊಟಕ್ಕೆ ಬಾ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಮಾತ್ರ ಬೇಡ. ಆಗ ನಾನು ಬರೆಯುತ್ತಿರುತ್ತೇನೆ ಅಂತ ಮನೆಯವರು ಫೋನಿನಲ್ಲಿ ಹೇಳುತ್ತಾರೆ, ನಂಬಬೇಡ, ನಿದ್ದೆ ಮಾಡುತ್ತಿರುತ್ತೇನೆ.

ಇತಿ ಆಶೀರ್ವಾದಗಳು.